ಯಾರೋ

ಬೆಟಗೇರಿಯ ಮಿಷನ್ ದವಾಖಾನೆಯ ಹಿಂದೆ
ಬ್ಯಾಂಡೇಜು ಒಣಹಾಕುವ ತಂತಿಯ ಕೆಳಗೆ
ಒಂದು ಮಡಿ. ಒಂದೇ.
ಸುತ್ತ ಹೆಂಚಿನ ಚೂರು ನಿಲ್ಲಿಸಿ
ಮಾಲಿ ಯೋಬಪ್ಪ ನೀರು ಹೊಯ್ಯುತ್ತಿದ್ದ.

'ಯಾವ ಗಿಡಾ ಇದು, ಕಾಕಾ?'
'ಯಾರೋ.'
'ಯಾರೋ ಅಂದ್ರ? ಯಾರು?'
'ಯಾರೋ ಅಂದ್ರ ಯಾರೋನ.
ದೊರಿಸಾನಿ ಹಂಗ ಅಂತಿದ್ಲಂತ. ನಮ್ಮಪ್ಪ ಕೇಳಿದ್ದ,
ನಾ ನಿನಗ ಹೇಳೀನಿ. ಕೈ ತೋರಸು.'

ಮಗ್ಗದ ಕುಣಿಯಲ್ಲಿ ಒಡೆದ ಬಲ್ಬಿನ ಮೇಲೆ
ಅಂಗೈ ಊರಿದ್ದೆ ಆವತ್ತು.
ಡಾಕ್ಟರಬಾಯಿ ಹೆರಿಗೆ ಕೋಣೆಯಲ್ಲಿ, ಕಂಪೌಂಡರ್ ಊಟಕ್ಕೆ.
ಅಪ್ಪನ ಧೋತರದ ಚುಂಗಿನಿಂದ
ಮೆಟ್ಟಿಲ ಮೇಲೆ ಹನಿ, ಮತ್ತೆ ಹನಿ.
ಯೋಬಪ್ಪ ಒಂದು ಹಿಡಿ ಚಿವುಟಿ
ಎಲೆ ಅಡಿಕೆಯಂತೆ ಜಗಿದು
ಗಾಯಕ್ಕೆ ಮೆತ್ತಿ ಒತ್ತಿ ಹಿಡಿದ.
ಮೊದಲು ಉರಿ.
ಆಮೇಲೆ ತಂಪು ಅನ್ನಲಾರೆ,
ಹಿಟ್ಟಿನ ಗಿರಣಿ ಥಟ್ಟನೆ ನಿಂತಾಗ
ಕಿವಿಗೆ ಆಗುತ್ತದಲ್ಲ, ಅದು.

ಅಪ್ಪ ನನ್ನ ಮುಖ ನೋಡಲಿಲ್ಲ.
ಕೆಳಗೆ ಬಿದ್ದ ಎಲೆಯೊಂದನ್ನು ಬಿಸಿಲಿಗೆ ಹಿಡಿದಿದ್ದ.
ನಡುವೆ ಒಂದು ದಂಟು, ಎರಡೂ ಕಡೆ ಸೀಳು,
ಸೀಳಿನಲ್ಲಿ ಸೀಳು, ಸಬ್ಬಸಿಗೆಗಿಂತ ಸಣ್ಣ,
ಗುಬ್ಬಿಮರಿಯ ಮೊದಲ ಪುಕ್ಕದ ಹಾಗೆ ಮೆತ್ತಗೆ.
'ನೂರಾ ಇಪ್ಪತ್ತನೇ ನಂಬರಿನ ನೂಲು' ಅಂದ,
'ನಮ್ಮ ಹಣಿಗಿಯೊಳಗ ನಿಲ್ಲಂಗಿಲ್ಲ.'
'ಸಾವಿರ ಎಲಿ ಅಂತಾರ ಅದಕ್ಕ.
ಎಣಿಸಿದಾವ್ರು ಯಾರೂ ಇಲ್ಲ.'
ಹಾಗೆನ್ನಬಾರದಿತ್ತು ಯೋಬಪ್ಪ, ನೇಕಾರನ ಮುಂದೆ.
ಅಪ್ಪ ಎಪ್ಪತ್ತೆರಡಕ್ಕೆ ಬಂದಾಗ
ಡಾಕ್ಟರಬಾಯಿ ಬಂದಳು. ಹಸಿರು ತೊಳೆದಳು, ಬೈದಳು,
ನಾಲ್ಕು ಹೊಲಿಗೆ ಹಾಕಿದಳು. ದಾರ ಕತ್ತರಿಸುತ್ತ,
ಯಾರಿಗೂ ಅಲ್ಲದ ಹಾಗೆ,
'ರಕ್ತ ಮಾತ್ರ ನಿಂತೈತಿ' ಅಂದಳು.

ಹೂ ಬಿಟ್ಟದ್ದು ನೋಡಿದ್ದು ಒಂದೇ ಸಲ, ಚಳಿಗಾಲದಲ್ಲಿ.
ಜೋಳದ ನುಚ್ಚು ಚೆಲ್ಲಿದಂಥ ಬಿಳುಪು, ಅಂಗೈಯಗಲ, ಚಪ್ಪಟೆ.
ಅರ್ಧ ದವನ, ಅರ್ಧ ಅಯೋಡಿನ್ ವಾಸನೆ.
ಮುಡಿಯಲಾಗದು, ಮಾಲೆಗೆ ಬಾರದು.
ನರ್ಸ್ ಸಲೋಮಿ ಒಂದನ್ನು ತಂದು
ಥರ್ಮಾಮೀಟರಿನ ಗ್ಲಾಸಿನಲ್ಲಿ ಇಟ್ಟಿದ್ದಳು.

ಗೋಡೆಯಾಚೆ ಗಟಾರದ ಅಂಚಿಗೆ
ಯಾರೂ ನೀರು ಹಾಕದ ಗಬ್ಬು ಸೇವಂತಿ,
ಉದ್ದ ದಂಟಿನ ತುದಿಗೆ ಒಂದೊಂದೇ ಹಳದಿ ಕಣ್ಣು.
ಆಡಿನ ಪೀರಂಬಿ ಕುಡಗೋಲು ತಾಗಿದರೆ
ಅದನ್ನೇ ಹಿಂಡಿ ಕಟ್ಟಿಕೊಳ್ಳುತ್ತಿದ್ದಳು.
'ನಿಮ್ಮದು ಕಂಪೌಂಡಿನ ಗಿಡ. ನಮ್ಮದು ಗಟಾರದ್ದು.
ರಕ್ತಕ್ಕ ಏನ್ ಗೊತ್ತಾಕ್ಕೈತಿ ಬಿಡ.'

ಈಗ ನಾನು ಅಲ್ಲಿಯೇ, ಕೇಸ್ ಪೇಪರ್ ಕಿಟಕಿಯಲ್ಲಿ.
ಮಡಿಯ ಜಾಗದಲ್ಲಿ ಸ್ಕೂಟರುಗಳು, ಕೆಳಗೆ ಸಿಮೆಂಟ್ ಬಿಲ್ಲೆ.
ಕಿತ್ತವರು ಯಾರು ಎಂದು ಕೇಳಿದೆ.
ವಾಚ್‌ಮನ್ ಭುಜ ಕುಣಿಸಿ ಅಂದ:
'ಯಾರೋ.'
ನಕ್ಕೆ. ಅವನಿಗೆ ತಿಳಿಯಲಿಲ್ಲ.
ಧಾರವಾಡದ ನರ್ಸರಿಯಿಂದ ಬೀಜ ತರಿಸಿದೆ,
ಧೂಳಿನಷ್ಟು ಸಣ್ಣ. ಎರಡು ಕುಂಡ ತುಂಬ
ಪುಂಡಿಪಲ್ಯ ಹುಟ್ಟಿತು, ಹೇಗೋ. ಸಾರು ಮಾಡಿದೆ.

ಹೋದ ಬೇಸಿಗೆ, ರಾತ್ರಿ ಪಾಳಿ.
ಹಳಿಯ ಬದಿಗೆ ಬಿದ್ದವನನ್ನು ಆಟೋದಲ್ಲಿ ತಂದರು.
'ಹೆಸರು?'
'ಗೊತ್ತಿಲ್ರೀ. ಯಾರೋ.'
ಬರೆದೆ. ಕರೆತಂದವರು? ತಲೆ ಎತ್ತುವಷ್ಟರಲ್ಲಿ
ಆಟೋ ತಿರುವಿನಲ್ಲಿತ್ತು. ಅಲ್ಲಿಯೂ ಅದನ್ನೇ ಬರೆದೆ.
ಅಂಗೈಯ ನಾಲ್ಕು ಹೊಲಿಗೆಯ ಗೆರೆ
ಪೆನ್ನು ಹಿಡಿದಾಗ ಮಡಚುತ್ತದೆ, ಇನ್ನೂ.

ನಾಲ್ಕನೇ ದಿನ ಅವನು ಹೆಸರು ಹೇಳಿದನಂತೆ.
ಗೀಟು ಎಳೆದು ಮೇಲೆ ತಿದ್ದಿ ಬರೆದೆ.
ಚಂದದ ಹೆಸರೇ ಇತ್ತು, ಮರೆತೆ.
ಗೀಟಿನ ಕೆಳಗಿನದು
ಈಗಲೂ ಓದಲು ಬರುತ್ತದೆ.